ಮೊಣಕಾಲೆತ್ತರದ ಕಂಚು

ಅವನು ಟಿಕೆಟ್ ತಗೊಂಡಿಲ್ಲ. ಕಬ್ಬಿಣದ ಗೇಟಿನ ಕೆಳಗೆ ಮೈ ತೂರಿಸಿ ತೆವಳುತ್ತಿದ್ದಾನೆ. ಪೊಲೀಸಪ್ಪ ಕಾದು ನಿಂತಿದ್ದಾನೆ. ಇಪ್ಪತ್ತು ವರ್ಷದ ಮೇಲಾಯಿತು. ಇವನು ಪೂರ್ತಿ ಒಳಗೆ ಬಂದಿಲ್ಲ, ಅವನು ಇವನನ್ನು ಹಿಡಿದೂ ಇಲ್ಲ. ಇಬ್ಬರೂ ಕಂಚಿನವರು. ಪಕ್ಕದಲ್ಲಿ ನಿಂತರೆ ನಮ್ಮ ಮೊಣಕಾಲಿನ ಎತ್ತರಕ್ಕೆ ಬರುತ್ತಾರೋ ಇಲ್ಲವೋ, ಅಷ್ಟೇ.

ಇದು ನ್ಯೂಯಾರ್ಕಿನ ನೆಲದಡಿಯ ರೈಲು ನಿಲ್ದಾಣವೊಂದರ ಕಥೆ. ಮ್ಯಾನ್‌ಹಟನ್‌ನ 14ನೇ ರಸ್ತೆ ಮತ್ತು 8ನೇ ಅವೆನ್ಯೂ ಕೂಡುವ ಕಡೆ ಇದೆ. ಕಂಪನಿಯ ಕೆಲಸದ ಮೇಲೆ ಅಲ್ಲಿದ್ದಾಗ ಎಂಟು ತಿಂಗಳು ನಾನು ದಿನಾ ಬೆಳಗ್ಗೆ ಇಳಿಯುತ್ತಿದ್ದದ್ದು ಅಲ್ಲೇ. ಮೊದಲ ವಾರ ಈ ಬೊಂಬೆಗಳು ಕಣ್ಣಿಗೇ ಬಿದ್ದಿರಲಿಲ್ಲ. ಎಲ್ಲರ ಹಾಗೆ ಮೊಬೈಲ್ ನೋಡಿಕೊಂಡು ಓಡುತ್ತಿದ್ದೆ. ಒಂದು ದಿನ ರೈಲು ತಡವಾಯಿತು. ಬೆಂಚಿನ ಮೇಲೆ ಕೂತವನು ಪಕ್ಕಕ್ಕೆ ತಿರುಗಿದರೆ, ದೊಡ್ಡ ಪಾದ, ಗುಂಡು ತಲೆಯ ಒಬ್ಬ ಕಂಚಿನ ಕುಳ್ಳ ನನ್ನ ಜೊತೆಗೇ ಕೂತಿದ್ದಾನೆ. ಅಂದಿನಿಂದ ಹುಡುಕೋದೇ ಕೆಲಸವಾಯಿತು. ಇಬ್ಬರು ಸೇರಿ ಉದ್ದದ ಗರಗಸ ಹಿಡಿದು ನಿಲ್ದಾಣದ ಉಕ್ಕಿನ ಕಂಬವನ್ನೇ ಕೊಯ್ಯಲು ಹೊರಟಿದ್ದಾರೆ. ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಮೊಸಳೆಯೊಂದು ಹೊರಬಂದು ಒಬ್ಬನಿಗೆ ಬಾಯಿ ಹಾಕಿದೆ. ಆ ಒಬ್ಬನಿಗೆ ತಲೆಯಿಲ್ಲ. ತಲೆಯ ಜಾಗದಲ್ಲಿ ದುಡ್ಡಿನ ಚೀಲ ಇದೆ.

ಕೃತಿಯ ಹೆಸರು ‘ಲೈಫ್ ಅಂಡರ್‌ಗ್ರೌಂಡ್’. ಮಾಡಿದವನು ಟಾಮ್ ಒಟರ್ನೆಸ್. 2001ರಿಂದ ಹಂತಹಂತವಾಗಿ ಕೂರಿಸಿದ ನೂರಕ್ಕೂ ಹೆಚ್ಚು ಬೊಂಬೆಗಳು ಅಲ್ಲಿವೆ. ಒಪ್ಪಿಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಾಡಿಕೊಟ್ಟನಂತೆ ಪುಣ್ಯಾತ್ಮ. ದುಡ್ಡು ಕೊಟ್ಟಿದ್ದು ಯಾವುದೋ ಕಲಾಪೋಷಕ ಕುಟುಂಬ ಅಲ್ಲ, ಆ ಊರಿನ ಸಾರಿಗೆ ಪ್ರಾಧಿಕಾರ. ಅಂದರೆ ಟಿಕೆಟ್ ಇಲ್ಲದೆ ನುಗ್ಗುವವರಿಂದ ನಷ್ಟ ಅನುಭವಿಸುವ ಸಂಸ್ಥೆಯೇ ಟಿಕೆಟ್ ಇಲ್ಲದೆ ನುಗ್ಗುವವನ ಪ್ರತಿಮೆಗೆ ಬಿಲ್ ಪಾಸ್ ಮಾಡಿದೆ. ತನ್ನದೇ ಕಂಬ ಕೊಯ್ಯುವವರಿಗೂ ಜಾಗ ಕೊಟ್ಟಿದೆ.

ನನ್ನ ತಕರಾರು ಶುರುವಾಗುವುದೇ ಇಲ್ಲಿಂದ. ನಮ್ಮಲ್ಲಿ ಪ್ರತಿಮೆ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ‘ಎಷ್ಟು ಅಡಿ?’ ಎರಡನೆಯದು ‘ಯಾರದು?’ ನನ್ನ ಪ್ರಕಾರ ಈ ಎರಡೂ ದಂಡದ ಪ್ರಶ್ನೆಗಳು. ಸಾರ್ವಜನಿಕ ಜಾಗದಲ್ಲಿ, ಸಾರ್ವಜನಿಕರ ಹೆಸರಲ್ಲಿ ನಿಲ್ಲಿಸುವ ಕಂಚಿಗೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಒಂದು, ದಾರಿಹೋಕ ಅದನ್ನು ಮುಟ್ಟಬಹುದಾ? ಎರಡು, ದುಡ್ಡು ಕೊಟ್ಟವನನ್ನು ಅದು ಗೇಲಿ ಮಾಡಬಲ್ಲುದಾ? ಎರಡಕ್ಕೂ ಇಲ್ಲ ಅಂತಾದರೆ ಅದು ಜಾಹೀರಾತು, ಇಲ್ಲವೇ ಗರ್ಭಗುಡಿ. ಜಾಹೀರಾತಿಗೂ ಗರ್ಭಗುಡಿಗೂ ನಮ್ಮಲ್ಲಿ ಬರವಿಲ್ಲ.

ದುಡ್ಡಿನ ಚೀಲದ ತಲೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ಐಡಿಯಾ ಒಟರ್ನೆಸ್‌ನದಲ್ಲ. 1871ರಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ನ್ಯೂಯಾರ್ಕಿನ ರಾಜಕೀಯದ ದೊಡ್ಡ ಕುಳ ವಿಲಿಯಂ ಟ್ವೀಡ್‌ನ ಚಿತ್ರ ಬರೆದ. ದಪ್ಪ ಹೊಟ್ಟೆ, ಕೋಟು, ತಲೆಯ ಜಾಗದಲ್ಲಿ ಡಾಲರ್ ಗುರುತಿನ ಚೀಲ. ಊರಿನ ಬೊಕ್ಕಸ ನುಂಗಿ ನೀರು ಕುಡಿದಿದ್ದ ಟ್ವೀಡ್‌ಗೆ ಪತ್ರಿಕೆಯ ಬರಹಗಳಿಗಿಂತ ಈ ಚಿತ್ರಗಳದ್ದೇ ಹೆದರಿಕೆ ಇತ್ತಂತೆ. ಅವನ ಮತದಾರರಲ್ಲಿ ಬಹಳ ಜನಕ್ಕೆ ಓದಲು ಬರುತ್ತಿರಲಿಲ್ಲ, ಚಿತ್ರ ನೋಡಲು ಬರುತ್ತಿತ್ತು. ಮುಂದೆ ಜೈಲಿನಿಂದ ತಪ್ಪಿಸಿಕೊಂಡು ಸ್ಪೇನ್ ಸೇರಿದಾಗ ಅಲ್ಲಿನವರು ಗುರುತು ಹಿಡಿದದ್ದೂ ನಾಸ್ಟ್‌ನ ಚಿತ್ರದಿಂದಲೇ ಅನ್ನುತ್ತಾರೆ. 1878ರಲ್ಲಿ ನ್ಯೂಯಾರ್ಕಿನ ಜೈಲಲ್ಲೇ ಸತ್ತ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ನಂತರ ಅದೇ ಊರಿನ ನೆಲದಡಿಯಲ್ಲಿ ಅವನ ತಲೆ ಮತ್ತೆ ಎದ್ದಿದೆ. ಮಕ್ಕಳು ಅದನ್ನು ಸವರಿ ಸವರಿ ಹೊಳಪು ಬರಿಸಿದ್ದಾರೆ.

‘ಅಯ್ಯೋ, ಇದೆಲ್ಲ ಆಟದ ಸಾಮಾನು ಕಣೋ, ಕಲೆ ಅಲ್ಲ’ ಅಂದ ನನ್ನ ಜೊತೆಗಿದ್ದ ಗೆಳೆಯ. ಈ ಮಾತು ಹೇಳುವವನು ಅವನೊಬ್ಬನೇ ಅಲ್ಲ. ಗಂಭೀರವಾದ ವಿಷಯ ಗಂಭೀರವಾದ ಮುಖ ಹೊತ್ತೇ ಬರಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಅವನನ್ನು ಒಂದು ಭಾನುವಾರ ಬ್ಯಾಟರಿ ಪಾರ್ಕ್ ಸಿಟಿಗೆ ಕರೆದುಕೊಂಡು ಹೋದೆ. ವಾಲ್ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಒಟರ್ನೆಸ್‌ನದೇ 1992ರ ಕೃತಿ ಇದೆ, ‘ದಿ ರಿಯಲ್ ವರ್ಲ್ಡ್’. ಕುಡಿಯುವ ನೀರಿನ ನಲ್ಲಿಗೆ ಕಟ್ಟಿಹಾಕಿದ ಒಂದು ನಾಯಿ. ನಾಯಿ ಬೆಕ್ಕನ್ನು ದಿಟ್ಟಿಸುತ್ತಿದೆ. ಬೆಕ್ಕು ಹಕ್ಕಿಯನ್ನು ದಿಟ್ಟಿಸುತ್ತಿದೆ. ಹಕ್ಕಿಯ ಕಣ್ಣು ಹುಳದ ಮೇಲೆ. ಆಚೆ ಕಡೆ ಸಣ್ಣ ಸಣ್ಣ ಬೊಂಬೆಗಳು ದೊಡ್ಡ ದೊಡ್ಡ ಕಂಚಿನ ನಾಣ್ಯಗಳ ಜೊತೆ ಏಗುತ್ತಿವೆ. ಗೆಳೆಯ ಹತ್ತು ನಿಮಿಷ ಸುಮ್ಮನೆ ನೋಡಿದ. ಆಮೇಲೆ ಕೇಳಿದ, ‘ಇದರಲ್ಲಿ ನಾನ್ಯಾರು, ಬೆಕ್ಕಾ, ಹಕ್ಕಿನಾ?’ ಆಗ ಅವನ ಕಂಪನಿಯಲ್ಲಿ ಲೇಆಫ್ ಪಟ್ಟಿ ತಯಾರಾಗುತ್ತಿತ್ತು. ಅವನ ಟೀಮಿನ ಪಟ್ಟಿ ಮಾಡುವ ಕೆಲಸ ಅವನದೇ ತಲೆ ಮೇಲೆ ಬಿದ್ದಿತ್ತು. ಆಟದ ಸಾಮಾನು ಅಂದಿದ್ದನಲ್ಲ, ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಇನ್ನೊಂದು ಕಂಚು ನೋಡೋಣ. ಇದು ನಿಮಗೆಲ್ಲ ಗೊತ್ತು. ನಿಮ್ಮ ಆಫೀಸಿನ ಮಹಿಳಾ ದಿನದ ಸ್ಲೈಡಿನಲ್ಲಿ ಒಮ್ಮೆಯಾದರೂ ಬಂದಿರುತ್ತದೆ. ‘ಫಿಯರ್‌ಲೆಸ್ ಗರ್ಲ್’. ಸೊಂಟದ ಮೇಲೆ ಕೈಯಿಟ್ಟು, ಗಲ್ಲ ಎತ್ತಿ, ಮೊದಲು ವಾಲ್ ಸ್ಟ್ರೀಟಿನ ಗೂಳಿಗೆ ಎದುರಾಗಿ ನಿಂತಿದ್ದ ನಾಲ್ಕಡಿ ಚಿಲ್ಲರೆ ಎತ್ತರದ ಹುಡುಗಿ. 2017ರ ಮಾರ್ಚ್ 7ರಂದು, ಮಹಿಳಾ ದಿನದ ಹಿಂದಿನ ದಿನ, ರಾತ್ರೋರಾತ್ರಿ ಪ್ರತ್ಯಕ್ಷಳಾದಳು. ಮಾಡಿದ್ದು ಕ್ರಿಸ್ಟನ್ ವಿಸ್ಬಲ್ ಎಂಬ ಶಿಲ್ಪಿ. ಮಾಡಿಸಿದ್ದು ಸ್ಟೇಟ್ ಸ್ಟ್ರೀಟ್ ಗ್ಲೋಬಲ್ ಅಡ್ವೈಸರ್ಸ್ ಎಂಬ ಹಣಕಾಸು ಸಂಸ್ಥೆ, ಜಾಹೀರಾತು ಏಜೆನ್ಸಿಯೊಂದರ ಮೂಲಕ. ಕಾಲ ಬುಡದ ಫಲಕದಲ್ಲಿ ‘ಅವಳು’ ಅನ್ನುವುದಕ್ಕಿರುವ ಇಂಗ್ಲಿಷ್ ಪದವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಅದು ಆ ಸಂಸ್ಥೆ ಮಾರುತ್ತಿದ್ದ ಫಂಡ್ ಒಂದರ ಮಾರುಕಟ್ಟೆ ಸಂಕೇತವೂ ಆಗಿತ್ತು.

ಮೊದಲ ಪ್ರಶ್ನೆಯಲ್ಲಿ ಹುಡುಗಿ ಪಾಸು, ನಾನೂ ಒಪ್ಪುತ್ತೇನೆ. ಮುಟ್ಟಬಹುದು, ಪಕ್ಕದಲ್ಲಿ ಅದೇ ಥರ ಸೊಂಟಕ್ಕೆ ಕೈಯಿಟ್ಟು ನಿಲ್ಲಬಹುದು. ಸಾವಿರಾರು ಪುಟ್ಟ ಹುಡುಗಿಯರು ಹಾಗೆ ನಿಂತಿದ್ದಾರೆ. ಅದನ್ನು ನೋಡಿ ನಗುವಷ್ಟು ಕಲ್ಲುಮನಸ್ಸು ನನಗಿಲ್ಲ. ಆದರೆ ಎರಡನೆಯ ಪ್ರಶ್ನೆ? ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮೇಲಿನ ಹುದ್ದೆಯಲ್ಲಿದ್ದ ಮಹಿಳೆಯರಿಗೆ ಮತ್ತು ಕಪ್ಪು ಜನಾಂಗದವರಿಗೆ ಕಡಿಮೆ ಸಂಬಳ ಕೊಟ್ಟ ಆರೋಪದ ವಿಚಾರದಲ್ಲಿ ಇದೇ ಸ್ಟೇಟ್ ಸ್ಟ್ರೀಟ್ ಸಮೂಹ ಸುಮಾರು 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆರೋಪವನ್ನು ಅದು ಒಪ್ಪಲಿಲ್ಲ, ದುಡ್ಡು ಕೊಡಲು ಒಪ್ಪಿತು. 2019ರಲ್ಲಿ ಹುಡುಗಿಯ ಪ್ರತಿಗಳನ್ನು ಮಾರಿದ್ದಕ್ಕಾಗಿ ಶಿಲ್ಪಿ ವಿಸ್ಬಲ್ ಮೇಲೆಯೇ ದಾವೆ ಹೂಡಿತು. ಹೆದರದ ಹುಡುಗಿಯನ್ನು ಮಾಡಿದ ಹೆಂಗಸು ಕೋರ್ಟಿನ ಕಟ್ಟೆ ಹತ್ತಿದಳು. ಇಷ್ಟೆಲ್ಲ ಆಗುವಾಗ ಆ ಹುಡುಗಿ ಯಾವ ಕಡೆ ನೋಡುತ್ತಿದ್ದಳು? ಮೊದಲು ಗೂಳಿಯ ಕಡೆ, 2018ರ ಡಿಸೆಂಬರಿನಿಂದ ಷೇರುಪೇಟೆಯ ಕಡೆ. ದುಡ್ಡು ಕೊಟ್ಟವನ ಕಡೆ ತಿರುಗಲು ಅವಳಿಗೆ ಕತ್ತು ಬರುವುದಿಲ್ಲ. ಹಾಗೆ ಎರಕ ಹೊಯ್ದಿರುವುದು.

ಗೂಳಿಯದ್ದು ಇನ್ನೊಂದು ಕಥೆ. ಅದು ಬಂಡವಾಳಶಾಹಿಯ ಸಂಕೇತ ಅಂತ ಎಲ್ಲರೂ ಬೈಯುತ್ತಾರೆ. ಆದರೆ 1987ರಲ್ಲಿ ಷೇರುಪೇಟೆ ಕುಸಿದ ಮೇಲೆ, ಸಿಸಿಲಿಯಿಂದ ವಲಸೆ ಬಂದ ಆರ್ತುರೊ ಡಿ ಮೋಡಿಕಾ ಎಂಬ ಶಿಲ್ಪಿ ತನ್ನ ಸ್ವಂತ ದುಡ್ಡಿನಲ್ಲಿ ಅದನ್ನು ಎರಕ ಹೊಯ್ದ. ಮೂರು ಟನ್ನಿಗೂ ಮೀರಿದ ತೂಕದ ಗೂಳಿಯನ್ನು 1989ರ ಡಿಸೆಂಬರಿನ ಒಂದು ರಾತ್ರಿ ಲಾರಿಯಲ್ಲಿ ತಂದು, ಯಾರ ಅಪ್ಪಣೆಯೂ ಇಲ್ಲದೆ ಷೇರುಪೇಟೆಯ ಎದುರು ಕ್ರಿಸ್ಮಸ್ ಮರದ ಕೆಳಗೆ ಇಳಿಸಿ ಹೋದ. ಷೇರುಪೇಟೆಯವರು ಎತ್ತಿಸಿದರು. ಜನ ಗಲಾಟೆ ಮಾಡಿದ ಮೇಲೆ ಪಕ್ಕದ ಬೌಲಿಂಗ್ ಗ್ರೀನ್‌ನಲ್ಲಿ ಜಾಗ ಸಿಕ್ಕಿತು. ತಮಾಷೆ ನೋಡಿ. ಗೂಳಿ ಬಂದದ್ದು ಒಬ್ಬ ಬಡಪಾಯಿ ಕಲಾವಿದನ ಜೇಬಿನಿಂದ, ಬಂಡಾಯದ ಹುಡುಗಿ ಬಂದದ್ದು ಕಾರ್ಪೊರೇಟ್ ಜಾಹೀರಾತು ಬಜೆಟ್ಟಿನಿಂದ. ಜನ ಗೂಳಿಯ ಮೂತಿ, ಕೊಂಬು ಸವರುತ್ತಾರೆ. ಹಿಂಬದಿಗೆ ಹೋಗಿ ಇನ್ನೊಂದು ಭಾಗವನ್ನೂ ಸವರುತ್ತಾರೆ, ಅದೂ ಬಂಗಾರದ ಹಾಗೆ ಹೊಳೆಯುತ್ತಿದೆ. ಅದೃಷ್ಟ ಬರುತ್ತದಂತೆ. ಗಂಭೀರವಾದ ಗೂಳಿಯನ್ನೂ ಜನ ತಮ್ಮ ಕೈಯಿಂದಲೇ ತಮಾಷೆ ಮಾಡಿಕೊಂಡಿದ್ದಾರೆ.

ಇನ್ನು ನಮ್ಮೂರಿಗೆ ಬನ್ನಿ.

ವಾಪಸ್ ಬಂದ ಮೇಲೆ ಒಂದು ಸಂಜೆ ಅಣ್ಣನ ಮಗಳನ್ನು ಕರೆದುಕೊಂಡು ಹೋಗಿದ್ದೆ, ಇಲ್ಲೇ ಬೆಂಗಳೂರಿನ ಒಂದು ಪ್ರತಿಮೆ ಇರುವ ಉದ್ಯಾನಕ್ಕೆ. ಆರು ವರ್ಷದ ಮಗು. ಪೀಠದ ಮೆಟ್ಟಿಲ ಮೇಲೆ ಕಾಲಿಟ್ಟಿತಷ್ಟೇ, ಪೀಪೀ ಅಂತ ವಿಷಲ್. ಸೆಕ್ಯುರಿಟಿಯವರು ಓಡಿ ಬಂದರು. ‘ಮುಟ್ಬಾರ್ದು ಮೇಡಂ, ದೂರ ನಿಂತು ಫೋಟೊ ತಗೊಳ್ಳಿ.’ ಅವರ ತಪ್ಪಲ್ಲ, ಅವರಿಗೆ ಸಂಬಳ ಕೊಡುವುದೇ ಅದಕ್ಕೆ. ಮಗು ಕೇಳಿತು, ‘ಯಾಕೆ ಮುಟ್ಬಾರ್ದು ಚಿಕ್ಕಿ, ಅವ್ರಿಗೆ ಕೋಪ ಬರತ್ತಾ?’ ಏನು ಉತ್ತರ ಕೊಡಲಿ? ಪ್ರತಿಮೆಗೆ ಕೋಪ ಬರಲ್ಲ ಪುಟ್ಟಿ, ಪ್ರತಿಮೆಯ ಪರವಾಗಿ ಕೋಪ ಮಾಡಿಕೊಳ್ಳುವವರು ಬೇರೆ ಇದ್ದಾರೆ.

ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರ ಕಂಚಿನ ಪ್ರತಿಮೆ ಇದೆ. 108 ಅಡಿ ಎತ್ತರ. 98 ಟನ್ ಕಂಚು, 120 ಟನ್ ಉಕ್ಕು. ರಾಮ್ ಸುತಾರ್ ಅವರ ವಿನ್ಯಾಸ. 2022ರ ನವೆಂಬರ್ 11ರಂದು ಅನಾವರಣವಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಸಮೃದ್ಧಿಯ ಪ್ರತಿಮೆ ಎಂಬರ್ಥದ ಹೆಸರು. ಈ ಊರು ಕಟ್ಟಿದವರಿಗೆ ಪ್ರತಿಮೆ ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಕು. ನನ್ನ ಜಗಳ ಕೆಂಪೇಗೌಡರ ಜೊತೆಯಲ್ಲ, ಅಡಿ ಲೆಕ್ಕದ ಜೊತೆ. ಅವರ ಕಾಲದ ಧರ್ಮಾಂಬುಧಿ ಕೆರೆಯನ್ನು ಒಣಗಿಸಿ, ಅದರ ಮೇಲೆ ಬಸ್ ನಿಲ್ದಾಣ ಕಟ್ಟಿ, ಆ ನಿಲ್ದಾಣಕ್ಕೆ ಅವರದೇ ಹೆಸರಿಟ್ಟ ಊರು ನಮ್ಮದು. ಇಂಥ ಊರಿಗೆ 108 ಅಡಿಯ ಗೌರವ ಕೊಡುವುದು ಸುಲಭ. ‘ಕೆರೆ ಎಲ್ಲಿ ಹೋಯ್ತು?’ ಅಂತ ಕೇಳುವ ಒಂದಡಿಯ ಬೊಂಬೆ ಇಡುವುದು ಕಷ್ಟ. 108 ಅಡಿಯ ಕೆಳಗೆ ನಿಂತವನಿಗೆ ಮಾಡಲು ಸಾಧ್ಯವಿರುವುದು ಎರಡೇ ಕೆಲಸ, ತಲೆ ಎತ್ತಿ ನೋಡುವುದು ಮತ್ತು ಸೆಲ್ಫಿ. ಒಂದಡಿಯ ಬೊಂಬೆಯ ಮುಂದೆ ನಾವೇ ಬಗ್ಗಬೇಕು. ಬಗ್ಗಿದವನು ಪ್ರಶ್ನೆ ಓದಿಯೇ ಏಳುತ್ತಾನೆ.

‘ಗೇಲಿ ನಮ್ಮ ಸಂಸ್ಕೃತಿಯಲ್ಲ’ ಅನ್ನುವವರು ದಯವಿಟ್ಟು ಬಾದಾಮಿಗೆ ಬಸ್ ಹತ್ತಿ. ಮೊದಲನೇ ಗುಹೆಯ ಬಲಕ್ಕೆ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಎಲ್ಲರೂ ಅವನ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ಕೆಳಗೆ ನೋಡಿ. ಗುಹೆಯ ಅಡಿಪಟ್ಟಿಯ ಉದ್ದಕ್ಕೂ ಕುಳ್ಳ ಗಣಗಳ ಸಾಲಿದೆ. ಡೊಳ್ಳುಹೊಟ್ಟೆ ಬಿಟ್ಟುಕೊಂಡು, ಕೈಕಾಲು ಸೊಟ್ಟ ಮಾಡಿಕೊಂಡು, ಕುಣಿಯುತ್ತ, ಒಬ್ಬನ ಹಾಗೆ ಇನ್ನೊಬ್ಬನಿಲ್ಲ. 6ನೇ ಶತಮಾನದ ಚಾಲುಕ್ಯರ ಶಿಲ್ಪಿಗಳಿಗೆ ಗೊತ್ತಿತ್ತು, ಮೇಲೆ ದೇವರಿದ್ದರೆ ಕೆಳಗೆ ತುಂಟರೂ ಇರಬೇಕು ಅಂತ. ಮೇಲಿನವನಿಗೆ ಅದರಿಂದ ಮರ್ಯಾದೆ ಕಡಿಮೆಯಾಗಲಿಲ್ಲ. ಯಕ್ಷಗಾನದ ಹಾಸ್ಯಗಾರ ರಾಜನ ವೇಷ ಎದುರಿಗಿರುವಾಗಲೇ ರಾಜನ ಕಾಲೆಳೆಯುತ್ತಾನೆ, ಯಾವ ರಾಜನೂ ರಂಗಸ್ಥಳ ಬಿಟ್ಟು ಓಡಿಹೋಗಿಲ್ಲ. ಅಧಿಷ್ಠಾನದ ಗಣಗಳನ್ನು ಕಿತ್ತುಹಾಕಿ ಬರೀ ನಟರಾಜನ ಎತ್ತರ ಏರಿಸುತ್ತ ಹೋದವರು ನಾವು, ಈಚಿನವರು.

ಈಗ ನನ್ನ ವಾದಕ್ಕೆ ನೋವಾಗುವ ಎರಡು ವಿಷಯಗಳಿವೆ. ಮುಚ್ಚಿಡುವುದಿಲ್ಲ.

ಮೊದಲನೆಯದು ಒಂದು ನಾಯಿ. 1977ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಇದೇ ಒಟರ್ನೆಸ್ ಆಶ್ರಯ ಕೇಂದ್ರದಿಂದ ಒಂದು ನಾಯಿಯನ್ನು ತಂದು, ಕಟ್ಟಿಹಾಕಿ, ಗುಂಡಿಟ್ಟು ಕೊಂದು, ಅದನ್ನು ಚಿತ್ರೀಕರಿಸಿ ಕಲೆ ಅಂತ ತೋರಿಸಿದ. ಮೂವತ್ತು ವರ್ಷದ ಮೇಲೆ, ಅದು ಸಮರ್ಥಿಸಿಕೊಳ್ಳಲಾಗದ ಕೆಲಸ ಅಂತ ಕ್ಷಮೆ ಕೇಳಿದ. ಬಹಳ ಜನ ಕ್ಷಮಿಸಲಿಲ್ಲ. 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಹೊಸ ಮೆಟ್ರೊ ನಿಲ್ದಾಣಕ್ಕೆ ಶಿಲ್ಪ ಮಾಡುವ ದೊಡ್ಡ ಗುತ್ತಿಗೆ ಇದೇ ಕಾರಣಕ್ಕೆ ಅವನ ಕೈ ತಪ್ಪಿತು. ಈ ವಿಷಯ ನನಗೆ ಗೊತ್ತಾದದ್ದು ಆ ಬೊಂಬೆಗಳನ್ನು ಪ್ರೀತಿಸಲು ಶುರುಮಾಡಿ ಆರು ತಿಂಗಳಾದ ಮೇಲೆ. ಬ್ಯಾಟರಿ ಪಾರ್ಕಿನ ನಲ್ಲಿಗೆ ಕಟ್ಟಿದ ಆ ಕಂಚಿನ ನಾಯಿಯನ್ನು ಈಗ ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆದರೆ ಇದಕ್ಕೂ ನಾನು ಅದೇ ಎರಡು ಪ್ರಶ್ನೆ ಹಿಡಿದೇ ಉತ್ತರ ಹುಡುಕುತ್ತೇನೆ. ಮುಟ್ಟಬಹುದಾದ ಶಿಲ್ಪವನ್ನು ಬೈಯಲೂಬಹುದು, ಮಾಡಿದವನನ್ನೂ ಬೈಯಬಹುದು. ಸ್ಯಾನ್‌ಫ್ರಾನ್ಸಿಸ್ಕೊದ ಜನ ‘ನಮ್ಮ ತೆರಿಗೆ ದುಡ್ಡಲ್ಲಿ ಇವನ ಕೆಲಸ ಬೇಡ’ ಅಂದರು, ಅದು ಅವರ ಹಕ್ಕು. ನ್ಯೂಯಾರ್ಕಿನಲ್ಲಿ ಬೊಂಬೆಗಳು ಉಳಿದವು, ಜೊತೆಗೆ ಆ ನಾಯಿಯ ಮಾತೂ ಉಳಿದಿದೆ. ಅದನ್ನು ನೆನಪಿಸಿದವರ ಮನೆಗೆ ಯಾರೂ ಕಲ್ಲು ಹೊಡೆದಿಲ್ಲ. ನಾವು ಪ್ರತಿಮೆ ನಿಲ್ಲಿಸಿದ ಕೂಡಲೇ ಅಲ್ಲಿಗೆ ಮಾತು ನಿಂತುಬಿಡುತ್ತದೆ. ಪ್ರತಿಮೆಯಾದವರ ಬಗ್ಗೆ ಒಂದು ಅನುಮಾನ ಆಡಿದರೂ ಬೀದಿಗಿಳಿಯುತ್ತಾರೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಆ ನಿಲ್ದಾಣದ ಬೊಂಬೆಗಳಲ್ಲಿ ಮನೆಯಿಲ್ಲದೆ ಮಲಗಿದ ವ್ಯಕ್ತಿಯೊಂದಿದೆ, ಎಬ್ಬಿಸಲು ಬಂದ ಪೊಲೀಸ್ ಇದ್ದಾನೆ. ಜನವರಿಯ ಒಂದು ಬೆಳಗ್ಗೆ ನಾನು ಬಗ್ಗಿ ಅದರ ಫೋಟೊ ತೆಗೆಯುತ್ತಿದ್ದೆ. ಬೆಳಕು ಸರಿಯಿಲ್ಲ ಅಂತ ಎರಡು ಹೆಜ್ಜೆ ಹಿಂದೆ ಸರಿದಾಗ ಯಾರದೋ ಕಾಲು ತುಳಿದೆ. ಬೆಂಚಿನ ಪಕ್ಕ, ನೆಲದ ಮೇಲೆ, ಪ್ಲಾಸ್ಟಿಕ್ ಚೀಲಗಳ ನಡುವೆ ಒಬ್ಬ ಮುದುಕಿ ಮಲಗಿದ್ದಳು. ನಿಜವಾದ ಮುದುಕಿ. ನಾನು ಸಾರಿ ಅಂದೆ. ಅವಳು ಕಣ್ಣು ತೆರೆದು, ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಅಷ್ಟು ದಿನ ಅದೇ ಜಾಗದಲ್ಲಿ ಅವಳನ್ನು ದಾಟಿ ಹೋಗಿದ್ದೆನೋ ಏನೋ. ಕಂಚಿನ ಬಡತನಕ್ಕೆ ಹತ್ತು ಫೋಟೊ ತೆಗೆದವಳು ನಾನು. ಚರ್ಮದ ಬಡತನಕ್ಕೆ ಒಂದು ನೋಟವನ್ನೂ ಕೊಟ್ಟಿರಲಿಲ್ಲ.

ಹಾಗಾದರೆ ಈ ಬೊಂಬೆಗಳಿಂದ ಏನು ಉಪಯೋಗ? ನ್ಯಾಯವಾದ ಪ್ರಶ್ನೆ. ಅದರಿಂದ ಅವಳಿಗೆ ಮನೆ ಸಿಗಲಿಲ್ಲ, ನಿಜ. ಬಡತನವನ್ನು ಮುದ್ದುಮುದ್ದಾಗಿಸುವ ಅಪಾಯ ಇಂಥ ಶಿಲ್ಪಕ್ಕೆ ಇದ್ದೇ ಇದೆ. ಆದರೆ ಆವತ್ತು ನನಗೆ ನಾಚಿಕೆಯಾದದ್ದು ಆ ಬೊಂಬೆ ಅಲ್ಲಿದ್ದದ್ದರಿಂದ. ಅದೇ ಜಾಗದಲ್ಲಿ ಒಂದು ಬ್ಯಾಂಕಿನ ಜಾಹೀರಾತಿದ್ದಿದ್ದರೆ ನಾನು ಬಗ್ಗುತ್ತಲೂ ಇರಲಿಲ್ಲ, ಅವಳ ಕಾಲು ತುಳಿಯುತ್ತಲೂ ಇರಲಿಲ್ಲ, ಒಳ್ಳೆಯವಳಾಗಿಯೇ ಆಫೀಸಿಗೆ ಹೋಗುತ್ತಿದ್ದೆ. ನಾಚಿಕೆ ದೊಡ್ಡ ಸಾಧನೆಯಲ್ಲ. ಆದರೆ 108 ಅಡಿಯ ಕೆಳಗೆ ನಿಂತಾಗ ನನಗೆ ಹೆಮ್ಮೆಯಾಗಿದೆ ಹೊರತು ನಾಚಿಕೆ ಒಮ್ಮೆಯೂ ಆಗಿಲ್ಲ. ಊರು ನಡೆಸಲು ಎರಡೂ ಬೇಕು.

ಇದು ಆಗದ ಹೋಗದ ಕನಸೇನಲ್ಲ. ನ್ಯೂಯಾರ್ಕಿನಲ್ಲಿ 1982ರಿಂದ ಒಂದು ಕಾನೂನಿದೆ. ನಗರದ ದುಡ್ಡಲ್ಲಿ ನಡೆಯುವ ಅರ್ಹ ಕಟ್ಟಡ ಕಾಮಗಾರಿಗಳ ಬಜೆಟ್ಟಿನಲ್ಲಿ ಶೇಕಡಾ 1ರಷ್ಟು ಕಲೆಗೆ ಹೋಗಬೇಕು. ರೈಲು ನಿಲ್ದಾಣಗಳ ಕಲೆಗಾಗಿ ಸಾರಿಗೆ ಪ್ರಾಧಿಕಾರ 1985ರಿಂದ ಬೇರೆಯದೇ ವಿಭಾಗ ನಡೆಸುತ್ತಿದೆ. ನಮ್ಮಲ್ಲಿ ಮೆಟ್ರೊ ಮಾರ್ಗಕ್ಕೆ ಸಾವಿರಾರು ಕೋಟಿ, ಸುರಂಗಕ್ಕೆ ಇನ್ನಷ್ಟು ಸಾವಿರ ಕೋಟಿ ಅಂತ ದಿನಾ ಓದುತ್ತೇವೆ. ಶೇಕಡಾ 1 ಬೇಡ ಮಾರಾಯ್ರೇ, ಅದರ ಹತ್ತನೇ ಒಂದು ಭಾಗ ಕೊಡಿ. ಕಲಿತ ಹುಡುಗರು ಚಿತ್ರಕಲಾ ಪರಿಷತ್ತಿನಲ್ಲೂ ಇದ್ದಾರೆ, ಮೈಸೂರಿನ ಕಾವಾದಲ್ಲೂ ಇದ್ದಾರೆ. ಮೂರೇ ಷರತ್ತು. ಮೊಣಕಾಲಿಗಿಂತ ಎತ್ತರ ಇರಬಾರದು. ಉದ್ಘಾಟನೆ ಮಾಡಿದವರ ಹೆಸರಿನ ಕಲ್ಲು ಇರಬಾರದು. ವಿಷಲ್ ಊದುವವರು ಇರಬಾರದು.

ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಪಟ್ಟಿಯೇ ಇದೆ. ಈಗಷ್ಟೇ ಡಾಂಬರು ಹಾಕಿದ ರಸ್ತೆಯನ್ನು ಒಬ್ಬ ಅಗೆಯುತ್ತಿರುವುದು, ಹಿಂದಿನಿಂದ ಇನ್ನೊಬ್ಬ ಮುಚ್ಚುತ್ತ ಬರುತ್ತಿರುವುದು. ಲ್ಯಾಪ್‌ಟಾಪನ್ನೇ ತಲೆಯಾಗಿ ಹೊತ್ತ ನಮ್ಮಂಥವರು ನಾಲ್ಕು ಜನ ಒಬ್ಬರ ಮೇಲೊಬ್ಬರು ನಿದ್ದೆ ಹೋಗಿರುವುದು. ತನಗಿಂತ ದೊಡ್ಡ ಊಟದ ಚೀಲ ಹೊತ್ತು ಹನ್ನೆರಡನೇ ಮಹಡಿಯ ಮೆಟ್ಟಿಲು ಹತ್ತುತ್ತಿರುವ ಹುಡುಗ, ಪಕ್ಕದಲ್ಲಿ ಖಾಲಿ ಲಿಫ್ಟ್, ಅದರ ಮೇಲೆ ‘ನಿವಾಸಿಗಳಿಗೆ ಮಾತ್ರ’.

ಆದರೆ ಮೊದಲು ಬೇಕಾದದ್ದು ಒಂದೇ ಒಂದು. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಒಳಗೆ, ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಎಲ್ಲರೂ ತಳ್ಳಾಡಿಕೊಂಡು ಓಡುವ ಜಾಗದಲ್ಲಿ, ಮೆಟ್ಟಿಲ ಮೂಲೆಯಲ್ಲಿ ಒಬ್ಬ ಕಂಚಿನ ಮುದುಕ. ಪಂಚೆ ಮೇಲೆತ್ತಿ ಕಟ್ಟಿದ್ದಾನೆ. ಪಕ್ಕದಲ್ಲಿ ಖಾಲಿ ಬುಟ್ಟಿ. ಕೈಯಲ್ಲಿ ಗಾಳ. ದಾರ ಗ್ರಾನೈಟ್ ನೆಲ ಮುಟ್ಟುವಲ್ಲಿಗೆ ನಿಂತಿದೆ. ಇನ್ನೂ ಕಾಯುತ್ತಿದ್ದಾನೆ.